ಚಿಕ್ಕ ಮಕ್ಕಳಿರುವ ಮನೆಯ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಮಧ್ಯಾಹ್ನ ಮಗು ಮಲಗಿತು. ಹಾಲ್ ತುಂಬ ಚೆಲ್ಲಿದ್ದ ಆಟದ ಸಾಮಾನು ಕಣ್ಣಿಗೆ ಬಿತ್ತು, ಎತ್ತಿಟ್ಟಿರಿ. ಹಾಗೇ ಕಸ ಗುಡಿಸಿದಿರಿ. ಒಣಗಿದ ಬಟ್ಟೆ ಮಡಿಚಲು ಕೂತಿರಿ. ಅಷ್ಟರಲ್ಲಿ ಮಗು ಎದ್ದಿತು. ಬೇಳೆ ಇನ್ನೂ ಇಟ್ಟಿಲ್ಲ, ನಿಮ್ಮ ಊಟವೂ ಆಗಿಲ್ಲ. ಇನ್ನು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಗ್ಗರಣೆ ಹಾಕಬೇಕು.

'ದಿನವಿಡೀ ಮಾಡಿದರೂ ಮುಗಿಯಲ್ಲ' ಎಂದು ನನ್ನ ಹತ್ತಿರ ಹೇಳಿಕೊಂಡ ತಾಯಂದಿರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ. ಅವರು ಯಾರೂ ಕಡಿಮೆ ಕೆಲಸ ಮಾಡಿದವರಲ್ಲ. ಮಗು ಎದುರಿಗಿದ್ದಾಗಲೂ ಆಗುವ ಕೆಲಸಕ್ಕೆ ಮಗು ಮಲಗಿದ ಹೊತ್ತನ್ನು ಖರ್ಚು ಮಾಡಿದರು, ಅಷ್ಟೇ. ಆ ಹೊತ್ತು ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು.

ಮುಂದಿನ ಕ್ರಮ ಐದು ವರ್ಷದೊಳಗಿನ ಒಂದೆರಡು ಮಕ್ಕಳಿದ್ದು, ಹಗಲಿನ ಹೆಚ್ಚು ಹೊತ್ತು ಒಬ್ಬರೇ ದೊಡ್ಡವರಿರುವ ಮನೆಗೆ. ನಮ್ಮದು ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಗಳಿಗೆ ನಾಲ್ಕು, ಮಗನಿಗೆ ಒಂದೂವರೆ. ಹಂತಗಳನ್ನು ಇದೇ ಕ್ರಮದಲ್ಲಿ, ಒಂದು ರೂಢಿಯಾದ ಮೇಲೆ ಇನ್ನೊಂದರಂತೆ ಹಿಡಿಯಿರಿ. ಒಂದೊಂದಕ್ಕೂ ನಾಲ್ಕೈದು ದಿನ ಬೇಕು. ಸೋಮವಾರ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ಗುರುವಾರದ ಹೊತ್ತಿಗೆ ಕೈಬಿಡುತ್ತೀರಿ.

ಬೇಕಾಗುವ ಸಾಮಾನು

ಐದು ಲೀಟರಿನ ಕುಕ್ಕರ್, ಅದರೊಳಗೆ ಒಂದರ ಮೇಲೊಂದು ಕೂರುವ ಡಬ್ಬಿಗಳು. ಗಟ್ಟಿ ಮುಚ್ಚಳವಿರುವ ಬಕೆಟ್ ಎರಡು. ಅಗಲ ಬಾಯಿಯ ಬುಟ್ಟಿ ಐದು. ಎತ್ತರದಲ್ಲಿ ಹಾಕಲು ಚಿಲಕ ಎರಡು: ಬಚ್ಚಲ ಬಾಗಿಲಿಗೊಂದು, ಸಿಂಕಿನ ಕೆಳಗಿನ ಕಪಾಟಿಗೊಂದು. ಹಳೆಯ ಪ್ಲಾಸ್ಟಿಕ್ ಚಾಪೆ. ಫ್ರಿಡ್ಜ್ ಮೇಲೆ ಅಂಟಿಸಲು ದೊಡ್ಡ ಹಾಳೆ. ಬೇರೇನನ್ನೂ ಈಗ ಕೊಳ್ಳಬೇಡಿ. ಮನೆಗೆ ಬರುವ ಪ್ರತಿ ಹೊಸ ಸಾಮಾನೂ ಒರೆಸಬೇಕಾದ, ಎತ್ತಿಡಬೇಕಾದ ಇನ್ನೊಂದು ವಸ್ತು.

ಹಂತ 1: ಕೆಲಸಗಳನ್ನು ಮೂರು ಪಾಲು ಮಾಡಿ

ಅಡುಗೆಮನೆ ಕೆಲಸ, ಬಚ್ಚಲ ಕೆಲಸ ಎಂದು ಜಾಗದ ಮೇಲೆ ಪಟ್ಟಿ ಮಾಡುವುದು ನಮ್ಮ ರೂಢಿ. ಮಕ್ಕಳು ಚಿಕ್ಕವರಿರುವಾಗ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಹಾಳೆಯ ಮೇಲೆ ಮೂರು ಸಾಲು ಎಳೆದು, ಆ ಕೆಲಸ ಮಾಡುವಾಗ ಮಗು ಎಲ್ಲಿರಬಹುದು ಎಂಬುದರ ಮೇಲೆ ವಿಂಗಡಿಸಿ.

ಮೊದಲ ಸಾಲು, ಮಗು ಎದುರಿಗಿದ್ದರೂ ಆಗುವ ಕೆಲಸ: ಗುಡಿಸುವುದು, ಬಟ್ಟೆ ಮಡಿಚುವುದು, ಸೊಪ್ಪು ಬಿಡಿಸುವುದು, ಆಟದ ಸಾಮಾನು ಎತ್ತುವುದು, ಹಾಸಿಗೆ ಸರಿಮಾಡುವುದು, ಸ್ಟೀಲ್ ಪಾತ್ರೆ ತೊಳೆಯುವುದು. ಅವರೆಕಾಯಿ, ಬಟಾಣಿ ಸುಲಿಯುವುದನ್ನು ಈ ಸಾಲಿಗೆ ಹಾಕಬೇಡಿ. ಕೂತು ಮಾಡುವ ಕೆಲಸ ಅನ್ನಿಸುತ್ತದೆ, ಆದರೆ ಒಂದು ಕಾಳು ಉರುಳಿ ಹೋಗಿ ಮಗುವಿನ ಮೂಗಿಗೋ ಗಂಟಲಿಗೋ ಸೇರಲು ಕ್ಷಣ ಸಾಕು.

ಎರಡನೆಯ ಸಾಲು, ಮಗು ಮಲಗಿದಾಗ ಮಾತ್ರ: ಕರಿಯುವುದು, ಒಗ್ಗರಣೆ, ಈಳಿಗೆ ಮಣೆ ಅಥವಾ ಚಾಕು ಹಿಡಿದು ತುಂಬ ಹೊತ್ತು ಹೆಚ್ಚುವುದು, ಇಸ್ತ್ರಿ, ತಲೆ ಕೊಟ್ಟು ಮಾಡಬೇಕಾದ ಫೋನ್ ಕೆಲಸ. ಈ ಸಾಲಿನ ತಲೆಯ ಮೇಲೆ ನಿಮ್ಮ ಊಟವನ್ನು ಬರೆಯಿರಿ. ಮಗು ಮಲಗಿದ ಮೊದಲ ಇಪ್ಪತ್ತು ನಿಮಿಷ ಅದಕ್ಕೇ. ಊಟ ಕೊನೆಗೆ ಉಳಿದರೆ ತಪ್ಪಿಯೇ ಹೋಗುತ್ತದೆ. ಮಗುವಿಗೆ ಹಾಲುಣಿಸುವ ತಾಯಿಯಂತೂ ತಪ್ಪಿಸಲೇಬಾರದು.

ಮೂರನೆಯ ಸಾಲು, ಇನ್ನೊಬ್ಬ ದೊಡ್ಡವರು ಮನೆಯಲ್ಲಿದ್ದಾಗ ಮಾತ್ರ: ಆಸಿಡ್ ಹಾಕಿ ಬಚ್ಚಲು ಉಜ್ಜುವುದು, ಸಂಪಿನ ಮುಚ್ಚಳ ತೆಗೆಯುವುದು, ಅಟ್ಟ ಹತ್ತುವುದು, ತಾರಸಿಯಲ್ಲಿ ಬಟ್ಟೆ ಹರವುವುದು.

ಎರಡನೆಯ ಸಾಲಿನಲ್ಲಿ ಒಂದು ದಿನಕ್ಕೆ ಊಟ ಬಿಟ್ಟು ಎರಡು ಕೆಲಸಕ್ಕಿಂತ ಹೆಚ್ಚು ಇದ್ದರೆ ವಿಂಗಡಣೆ ತಪ್ಪಿದೆ ಎಂದರ್ಥ. ಒಂದನ್ನು ರಾತ್ರಿಗೆ ತಳ್ಳಿ, ಇಲ್ಲವೇ ಬಿಟ್ಟುಬಿಡಿ. ಇಸ್ತ್ರಿಯನ್ನು ನಾನು ಮೂರು ವರ್ಷದಿಂದ ಬಿಟ್ಟಿದ್ದೇನೆ.

ಹಂತ 2: ಅಪಾಯದ ಜಾಗಗಳನ್ನು ಒಂದೇ ದಿನ ಮುಗಿಸಿ

ಮಗು ಎಲ್ಲಿ ಹೋಯಿತೋ ಎಂದು ಹತ್ತು ನಿಮಿಷಕ್ಕೊಮ್ಮೆ ಓಡುವವರ ಕೈಯಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಓಡಬೇಕಾಗದ ಹಾಗೆ ಮನೆಯನ್ನು ಮಾಡಿಕೊಳ್ಳುವುದೇ ಮೊದಲ ಉಳಿತಾಯ. ಒಂದು ರಜಾದಿನದ ಅರ್ಧ ದಿನ ಇದಕ್ಕೆ ಇಡಿ.

ನೀರಿನಿಂದ ಶುರುಮಾಡಿ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಬಚ್ಚಲಲ್ಲಿ ತುಂಬಿದ ಬಕೆಟ್ ಇದ್ದೇ ಇರುತ್ತದೆ. ಈ ವಯಸ್ಸಿನ ಮಕ್ಕಳ ತಲೆ ಮೈಯ ಅಳತೆಗೆ ಹೆಚ್ಚು ಭಾರ. ಬಕೆಟ್ಟಿಗೆ ಬಗ್ಗಿ ಬಿದ್ದರೆ ಮೇಲೇಳಲು ಬರುವುದಿಲ್ಲ, ಗೇಣು ನೀರೂ ಬೇಕಿಲ್ಲ, ಸದ್ದೂ ಕೇಳಿಸುವುದಿಲ್ಲ. ಮಗಳು ಹನ್ನೊಂದು ತಿಂಗಳಲ್ಲಿದ್ದಾಗ ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತು ಒಳಗೆ ಕೈ ಚಾಚುತ್ತಿದ್ದಳು. ನಾನು ಅಡುಗೆಮನೆಯಲ್ಲಿದ್ದೆ. ಅಂದು ಸಂಜೆಯೇ ಬಚ್ಚಲ ಬಾಗಿಲಿಗೆ ಹೊರಗಿನಿಂದ, ನನ್ನ ಭುಜದ ಎತ್ತರಕ್ಕೆ ಚಿಲಕ ಹಾಕಿಸಿದೆ. ಬಕೆಟ್ ತುಂಬಿದ್ದರೆ ಮುಚ್ಚಳ, ಖಾಲಿಯಿದ್ದರೆ ಬೋರಲು. ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಅದರ ಮೇಲೆ ಹೂವಿನ ಕುಂಡ ಇಟ್ಟರೆ ಸಾಲದು.

ಮುಂದಿನದು ಬಾಟಲಿಗಳು. ಫಿನಾಯಿಲ್, ಆಸಿಡ್, ಸೀಮೆಎಣ್ಣೆ, ಸೊಳ್ಳೆ ಓಡಿಸುವ ಮೆಷಿನ್ನಿನ ರೀಫಿಲ್ ಎಲ್ಲವೂ ಚಿಲಕವಿರುವ ಕಪಾಟಿಗೆ. ಬಿಡಿಯಾಗಿ ಕೊಂಡ ಫಿನಾಯಿಲನ್ನು ಜ್ಯೂಸ್ ಬಾಟಲಿಗೆ ಸುರಿದಿಡುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಬಳಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಮಗು ಇವುಗಳಲ್ಲಿ ಏನನ್ನಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ. ಆಂಬ್ಯುಲೆನ್ಸಿಗೆ 108.

ದೇವರ ಗೂಡನ್ನು ಹೆಚ್ಚಿನವರು ಮರೆಯುತ್ತಾರೆ. ಕರ್ಪೂರ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಬೀರುವಿನ ನುಸಿಗುಳಿಗೆಯೂ ನುಂಗಿದರೆ ವಿಷವೇ. ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎತ್ತರಕ್ಕೆ ಇಡಿ.

ರಿಮೋಟ್, ಆಟದ ಸಾಮಾನುಗಳಲ್ಲಿರುವ ಗುಂಡಿಯಂಥ ಸೆಲ್ಲುಗಳ ಮುಚ್ಚಳಕ್ಕೆ ತಿರುಪು ಇದೆಯೇ ನೋಡಿ, ಇಲ್ಲದಿದ್ದರೆ ಟೇಪ್ ಸುತ್ತಿ. ಮಗು ಅದನ್ನು ನುಂಗಿದ ಅನುಮಾನ ಬಂದರೂ ಸಾಕು, ಮಲದಲ್ಲಿ ಹೋಗುತ್ತದೆ ಎಂದು ಕಾಯಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡತೊಡಗುತ್ತದೆ.

ಕೊನೆಗೆ ಒಲೆ. ಎರಡು ಉರಿಯ ಒಲೆಯಲ್ಲಿ ಗೋಡೆಯ ಪಕ್ಕದ ಉರಿಯನ್ನು ಹೆಚ್ಚು ಬಳಸಿ, ಬಾಣಲೆಯ ಹಿಡಿ ಒಳಗೆ ತಿರುಗಿರಲಿ, ಬಿಸಿ ಸಾರನ್ನು ನೆಲದ ಮೇಲೆ ಇಡಬೇಡಿ. ಮುಗಿದ ಮೇಲೆ ಮಂಡಿಯೂರಿ ಮನೆಯನ್ನೆಲ್ಲ ಒಮ್ಮೆ ಸುತ್ತಿ. ನಿಂತಾಗ ಕಾಣದ ಎಷ್ಟೋ ಮೊಳೆ, ವೈರು ಆಗ ಕಾಣುತ್ತವೆ.

ಹಂತ 3: ರಾತ್ರಿಯ ನಲವತ್ತು ನಿಮಿಷ

ಮರುದಿನದ ಅರ್ಧ ಕೆಲಸ ಹಿಂದಿನ ರಾತ್ರಿಯದು. ಒಬ್ಬರು ಮಗುವನ್ನು ಮಲಗಿಸುವಾಗ ಇನ್ನೊಬ್ಬರು ಇದನ್ನು ಮಾಡಲಿ. ಕ್ರಮ ಹೀಗೆ:

1. ಊಟ ಮುಗಿದ ಕೂಡಲೇ ಪಾತ್ರೆ ನೆನೆಹಾಕಿ. ಮುದ್ದೆ, ಗಂಜಿ, ಹಾಲಿನ ಪಾತ್ರೆಗೆ ತಣ್ಣೀರು ಹಾಕಿ, ಬಿಸಿನೀರು ಹಾಕಿದರೆ ಇನ್ನಷ್ಟು ಹಿಡಿದುಕೊಳ್ಳುತ್ತದೆ.
2. ಸಿಂಕ್ ಖಾಲಿ ಮಾಡಿ. ಈ ನಲವತ್ತು ನಿಮಿಷದಲ್ಲಿ ಬೇರೇನೂ ಆಗದಿದ್ದರೂ ಇದು ಆಗಲೇಬೇಕು. ಬೆಳಗ್ಗೆ ಬೇಗ ಎದ್ದು ತೊಳೆದರಾಯಿತು ಎಂದುಕೊಂಡ ದಿನವೇ ಮಗು ಐದಕ್ಕೆ ಎದ್ದು ಕೂರುತ್ತದೆ.
3. ತಿಂಡಿ ಏನೆಂದು ತೀರ್ಮಾನಿಸಿ, ಬೇಕಾದ್ದನ್ನು ನೆನೆಹಾಕಿ. ತೊಗರಿಬೇಳೆಯನ್ನೂ ತೊಳೆದು ನೆನೆಸಿ ಫ್ರಿಡ್ಜಿನಲ್ಲಿಡಿ.
4. ಮಕ್ಕಳ ನಾಳೆಯ ಬಟ್ಟೆ, ಅಂಗನವಾಡಿ ಅಥವಾ ಶಾಲೆಯ ಚೀಲ ಬಾಗಿಲ ಬಳಿ.
5. ಕುಡಿಯುವ ನೀರು ತುಂಬಿಸಿ, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ.

ನೆಲ ಒರೆಸುವುದು ಈ ಪಟ್ಟಿಯಲ್ಲಿ ಇಲ್ಲ. ರಾತ್ರಿ ಒರೆಸಿದ ನೆಲ ತಿಂಡಿಯ ಹೊತ್ತಿಗೆ ಮತ್ತೆ ಮೊದಲಿನಂತೆಯೇ ಆಗಿರುತ್ತದೆ.

ಹಿಟ್ಟಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ವಾರದ ನಾಲ್ಕು ಬೆಳಗು ಅದರ ಮೇಲೆ ನಿಂತಿವೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ನಾಲ್ಕೈದು ಗಂಟೆ ನೆನೆದರೆ ಸಾಕು. ಭಾನುವಾರ ಮಧ್ಯಾಹ್ನ ನೆನೆಹಾಕಿ ಸಂಜೆ ಯಾರಾದರೂ ಮಗುವನ್ನು ಹೊರಗೆ ಕರೆದೊಯ್ದಾಗ ರುಬ್ಬಿ. ಬೇಸಿಗೆಯಲ್ಲಿ ಎಂಟು ಗಂಟೆಯಲ್ಲಿ ಹುದುಗುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ಹನ್ನೆರಡು ಗಂಟೆಯೂ ಸಾಲದೆ ಹೋಗಬಹುದು, ಆಗ ಪಾತ್ರೆಗೆ ಹೊದಿಕೆ ಸುತ್ತಿಡಿ. ಹುದುಗಿದ ಮೇಲೆ ಫ್ರಿಡ್ಜಿಗೆ. ಮೊದಲ ದಿನ ಇಡ್ಲಿ, ಆಮೇಲೆ ದೋಸೆ, ಹುಳಿ ಬಂದಾಗ ಈರುಳ್ಳಿ ಹಾಕಿ ಉತ್ತಪ್ಪ ಅಥವಾ ಪಡ್ಡು. ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ. ಬಣ್ಣದ ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಬಳಸುವುದು ಬೇಡ, ಎಲ್ಲವನ್ನೂ ಚೆಲ್ಲಿ.

ಹಂತ 4: ಬೆಳಗ್ಗೆ ಒಂದೇ ಕುಕ್ಕರ್

ಮಗುವಿಗಿಂತ ಅರ್ಧ ಗಂಟೆ ಮೊದಲು ಎದ್ದರೆ ಸಾಕು. ರಾತ್ರಿ ಮೂರು ಸಲ ಎದ್ದವರು ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡರೆ ಸಂಜೆಯ ತಾಳ್ಮೆ ಬೆಳಗ್ಗೆಯೇ ಖರ್ಚಾಗುತ್ತದೆ.

ಕುಕ್ಕರಿನ ತಳಕ್ಕೆ ನೀರು, ಕೆಳಗಿನ ಡಬ್ಬಿಯಲ್ಲಿ ನೆನೆದ ಬೇಳೆಗೆ ಅರಿಶಿನ ಮತ್ತು ಎರಡು ಹನಿ ಎಣ್ಣೆ, ಅದರ ಮೇಲೆ ಅಕ್ಕಿ, ಎಲ್ಲಕ್ಕಿಂತ ಮೇಲೆ ದೊಡ್ಡದಾಗಿ ಹೆಚ್ಚಿದ ಕ್ಯಾರೆಟ್, ಆಲೂಗಡ್ಡೆ ಅಥವಾ ಸೀಮೆಬದನೆ. ಬೇಳೆ ನೆನೆದಿರುವುದರಿಂದ ಮೂರೂ ಒಟ್ಟಿಗೆ ಬೇಯುತ್ತವೆ. ತೆಗೆದ ಕೂಡಲೇ, ಉಪ್ಪು ಖಾರ ಬೀಳುವ ಮೊದಲು, ಚಿಕ್ಕವನ ಪಾಲಿನ ಅನ್ನ, ಬೇಳೆ, ತರಕಾರಿಯನ್ನು ಬೇರೆ ತೆಗೆದು ತುಪ್ಪ ಹಾಕಿ ಹಿಸುಕಿ. ಉಳಿದಿದ್ದು ದೊಡ್ಡವರ ಹುಳಿಯೋ ಸಾರೋ ಆಗುತ್ತದೆ. ಮಗುವಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆ ಎಂದು ಮಾಡುವುದರಿಂದಲೇ ಹೆಚ್ಚಿನ ಮನೆಗಳಲ್ಲಿ ಬೆಳಗ್ಗೆ ಒಂದು ಗಂಟೆ ಕಳೆದುಹೋಗುತ್ತದೆ.

ಸಾರಿನ ಪುಡಿ ತಿಂಗಳಿಗೊಮ್ಮೆ. ತೆಂಗಿನ ತುರಿ ವಾರಕ್ಕೊಮ್ಮೆ ತುರಿದು ಫ್ರೀಜರಿನಲ್ಲಿ. ಚಿತ್ರಾನ್ನದ ಗೊಜ್ಜು ಮಾಡಿಟ್ಟುಕೊಂಡರೆ ಅಡುಗೆಯಾಗದ ಒಂದು ದಿನ ದಾಟುತ್ತದೆ.

ಅನ್ನದ ವಿಷಯದಲ್ಲಿ ಎಚ್ಚರ ಬೇಕು. ಬೆಳಗಿನ ಅನ್ನವನ್ನು ಮೇಜಿನ ಮೇಲೇ ಬಿಟ್ಟು ಸಂಜೆ ಬಿಸಿಮಾಡಿ ಮಗುವಿಗೆ ಕೊಡುವುದು ತಪ್ಪು. ಹೊರಗಿದ್ದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಾದರೆ ಒಂದು ಗಂಟೆಯೊಳಗೆ, ಫ್ರಿಡ್ಜಿಗೆ ಹೋಗಬೇಕು. ಫ್ರಿಡ್ಜ್ ಇಲ್ಲದಿದ್ದರೆ ಸಂಜೆಗೆ ಒಂದು ಹಿಡಿ ಅಕ್ಕಿ ಬೇರೆ ಇಡಿ.

ಹಂತ 5: ಬಟ್ಟೆ

ಚಿಕ್ಕ ಮಕ್ಕಳ ಮನೆಯಲ್ಲಿ ಭಾನುವಾರಕ್ಕೆಂದು ಬಟ್ಟೆ ಗುಡ್ಡೆ ಹಾಕಬೇಡಿ. ದಿನಕ್ಕೊಂದು ಸಲ, ಒಂದೇ ಹೊತ್ತಿಗೆ. ರಾತ್ರಿ ಮೆಷಿನ್ನಿಗೆ ಹಾಕಿದರೆ ಬೆಳಗ್ಗೆ ಹರವಬಹುದು, ಕೈಯಲ್ಲಿ ಒಗೆಯುವವರು ಮಗುವಿನ ಸ್ನಾನದ ಹೊತ್ತಿಗೆ ನೆನೆಹಾಕಿ.

ಬಟ್ಟೆಯ ಲಂಗೋಟಿಯಾದರೆ ಮಲವನ್ನು ಮೊದಲು ಕಮೋಡಿಗೆ ಉದುರಿಸಿ, ತಣ್ಣೀರಿನಲ್ಲಿ ಜಾಲಿಸಿ, ಹಿಂಡಿ, ಮುಚ್ಚಳದ ಬಕೆಟ್ಟಿನಲ್ಲಿ ನೀರಿಲ್ಲದೆ ಇಡಿ. ದಿನಗಟ್ಟಲೆ ನೀರಿನಲ್ಲಿ ನೆನೆಸಿಟ್ಟರೆ ನಾರುತ್ತದೆ, ಹಂತ 2ರ ಅಪಾಯವೂ ಮತ್ತೆ ಬಚ್ಚಲಿಗೆ ಬರುತ್ತದೆ. ಕಂಫರ್ಟ್‌ನಂಥ ಮೃದುಕಾರಕ ಹಾಕಬೇಡಿ, ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ಮಗುವಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದರೆ ಎರಡು ಕಾರಣ ನೋಡಿ: ಸೋಪು ಪೂರ್ತಿ ಹೋಗಿಲ್ಲ, ಅಥವಾ ಒದ್ದೆ ಬದಲಿಸುವುದು ತಡವಾಗುತ್ತಿದೆ. ಬಳಸಿ ಎಸೆಯುವ ಡೈಪರನ್ನು ಕಮೋಡಿಗೆ ಹಾಕಬೇಡಿ. ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಹಸಿ ಕಸ ಒಣ ಕಸ ಎರಡರಲ್ಲೂ ಸೇರಿಸದೆ ಬೇರೆ ಕೊಡಿ. ಕಸ ಬಿಡಿಸುವವರು ಅದನ್ನು ಕೈಯಿಂದ ಮುಟ್ಟಬೇಕಾಗಿ ಬರಬಾರದು.

ಮಳೆಗಾಲ ಬಂದರೆ ಲೆಕ್ಕವೇ ಬೇರೆ. ಬೇಸಿಗೆಯಲ್ಲಿ ಹದಿನೈದು ಲಂಗೋಟಿ ಸಾಕಾದರೆ ಜುಲೈಗೆ ಮೂವತ್ತು ಬೇಕು. ಒಳಗೆ ಒಣಗಿಸುವಾಗ ದಪ್ಪ ಬಟ್ಟೆ ಒಂದು ಹಗ್ಗಕ್ಕೆ, ತೆಳು ಬಟ್ಟೆ ಇನ್ನೊಂದಕ್ಕೆ, ನಡುವೆ ಒಂದೊಂದು ಗೇಣು ಜಾಗ, ಮೇಲೆ ಫ್ಯಾನ್, ಒಂದು ಕಿಟಕಿ ತೆರೆದಿರಲಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಒಣಗಿಸುವ ರೂಢಿಯಿದೆ. ಕಿಡಿ ತಾಗದಷ್ಟು ದೂರ ಇರಲಿ, ಹೊಗೆ ಹಿಡಿದ ಬಟ್ಟೆಯನ್ನು ಕೂಸಿಗೆ ತೊಡಿಸುವ ಮೊದಲು ಗಾಳಿಗೆ ಕೊಡವಿ. ಮುಗ್ಗಲು ವಾಸನೆ ಬಂದ ಬಟ್ಟೆ ಒಣಗಿದ್ದರೂ ಮತ್ತೆ ಒಗೆಯಬೇಕು.

ಮಕ್ಕಳ ಬಟ್ಟೆ ಮಡಿಚಬೇಡಿ. ಮೇಲಿನ ಅಂಗಿಗೊಂದು ಬುಟ್ಟಿ, ಚಡ್ಡಿಗೊಂದು, ಒಳಬಟ್ಟೆಗೊಂದು. ಹಗ್ಗದಿಂದ ತೆಗೆದು ನೇರ ಬುಟ್ಟಿಗೆ. ನಾಲ್ಕು ವರ್ಷದವಳು ತನ್ನ ಬಟ್ಟೆ ತಾನೇ ತೆಗೆದುಕೊಳ್ಳುತ್ತಾಳೆ.

ಹಂತ 6: ಆಟದ ಸಾಮಾನು, ಕಸ, ನೆಲ

ಆಟದ ಸಾಮಾನು ಎರಡು ಬುಟ್ಟಿಗೆ ಹಂಚಿ. ಒಂದು ಕೆಳಗೆ, ಇನ್ನೊಂದು ಅಟ್ಟದ ಮೇಲೆ, ವಾರಕ್ಕೊಮ್ಮೆ ಅದಲುಬದಲು. ಎತ್ತಿಡುವುದು ದಿನಕ್ಕೆ ಎರಡೇ ಸಲ: ಮಧ್ಯಾಹ್ನದ ಊಟಕ್ಕೆ ಮುಂಚೆ, ದೀಪ ಹಚ್ಚುವ ಮುಂಚೆ. ನಡುವೆ ಎತ್ತುತ್ತಾ ಹೋದರೆ ಸೊಂಟ ಬೀಳುತ್ತದೆ. ಊಟಕ್ಕೆ ಚಾಪೆ ಹಾಸಿ, ಮುಗಿದ ಮೇಲೆ ಅಗುಳು ಸಮೇತ ಎತ್ತಿ ಹೊರಗೆ ಕೊಡವಿದರೆ ಒಂದು ಸಲದ ಗುಡಿಸುವಿಕೆ ಉಳಿಯಿತು. ಅಂಬೆಗಾಲಿಡುವ ಮಗುವಿದ್ದರೆ ಅದು ಓಡಾಡುವ ಜಾಗವನ್ನು ಬರಿಯ ನೀರಿನಲ್ಲಿ ಒರೆಸಿ, ಫಿನಾಯಿಲ್ ಬಚ್ಚಲಿಗೆ ಸಾಕು.

ಹಂತ 7: ಮಕ್ಕಳಿಗೂ ಕೆಲಸ ಕೊಡಿ

ಒಂದೂವರೆ ವರ್ಷದ ಮಗು ಕೊಳೆ ಬಟ್ಟೆಯನ್ನು ಬುಟ್ಟಿಗೆ ಹಾಕಬಲ್ಲದು. ನಾಲ್ಕು ವರ್ಷದ್ದು ಸ್ಟೀಲ್ ತಟ್ಟೆ ಹಾಕಿ ಚಾಪೆ ಹಾಸುತ್ತದೆ. ಮೊದಲ ತಿಂಗಳು ನಿಮ್ಮ ಕೆಲಸ ಹೆಚ್ಚುತ್ತದೆ, ಒಪ್ಪಿಕೊಳ್ಳಿ. ಅವರು ಮಾಡಿದ್ದನ್ನು ಅವರ ಎದುರೇ ಮತ್ತೆ ಸರಿಮಾಡಿದರೆ ಮರುದಿನ ಆ ಕೆಲಸಕ್ಕೆ ಬರುವುದಿಲ್ಲ.

ಹಂತ 8: ಮನೆಯ ಉಳಿದವರಿಗೆ ಇಡೀ ಕೆಲಸ ಒಪ್ಪಿಸಿ

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಇಷ್ಟು ಅಂತರವಿರುವ ಮನೆಯಲ್ಲಿ ಒಬ್ಬರೇ ಎಷ್ಟು ಅಚ್ಚುಕಟ್ಟಾಗಿ ಯೋಜಿಸಿದರೂ ಹೊತ್ತು ಸಾಲುವುದಿಲ್ಲ.

'ರೀ, ಸ್ವಲ್ಪ ಪಾತ್ರೆ ತೊಳೀತೀರಾ' ಎಂದು ದಿನಾ ಕೇಳುವುದೂ ಒಂದು ಕೆಲಸವೇ. ಅದರ ಬದಲು 'ರಾತ್ರಿ ಸಿಂಕ್ ನಿಮ್ಮದು, ಸೋಪು ಮುಗಿದರೆ ತರೋದೂ ನಿಮ್ಮದೇ' ಎಂದು ಪೂರ್ತಿ ಒಪ್ಪಿಸಿ. ಒಪ್ಪಿಸಿದ ಮೇಲೆ ಹಿಂದೆ ನಿಂತು ತಿದ್ದಬೇಡಿ. ಮೊದಲ ವಾರ ಲೋಟದಲ್ಲಿ ಜಿಡ್ಡು ಉಳಿಯುತ್ತದೆ, ಉಳಿಯಲಿ.

ಅತ್ತೆಯೋ ಅಮ್ಮನೋ ಜೊತೆಗಿದ್ದರೆ ಮಗುವನ್ನು ಎತ್ತಿಕೊಂಡು ಓಡಾಡುವ ಕೆಲಸ ಕೊಡಬೇಡಿ. 'ಅತ್ತೆ, ಹನ್ನೊಂದರಿಂದ ಹನ್ನೆರಡರ ತನಕ ಇವನು ನಿಮ್ಮ ಹತ್ತಿರ ಕೂತಿರಲಿ' ಎಂದು ಹೊತ್ತು ಗೊತ್ತುಮಾಡಿ ಕೇಳಿ. ಆ ಒಂದು ಗಂಟೆಗೆ ಮೂರನೆಯ ಸಾಲಿನ ಕೆಲಸ ಇಟ್ಟುಕೊಳ್ಳಿ.

ಮನೆಕೆಲಸಕ್ಕೆ ಬರುವವರಿದ್ದರೆ ನೀವು ಅಡುಗೆ ಮಾಡುವ ಹೊತ್ತಿಗೇ ಬರಲು ಒಪ್ಪುತ್ತಾರಾ ಕೇಳಿ, ಮನೆಯಲ್ಲಿ ಇನ್ನೊಂದು ಜೋಡಿ ಕಣ್ಣು ಇದ್ದಂತಾಗುತ್ತದೆ. ಹಾಗೆಂದು ಮಗುವನ್ನು ನೋಡಿಕೊಳ್ಳುವುದನ್ನು ಪಾತ್ರೆಯ ಸಂಬಳದೊಳಗೇ ಸೇರಿಸಬೇಡಿ, ಅದು ಬೇರೆ ಕೆಲಸ, ಬೇರೆ ಸಂಬಳ. ಮೂರು ತುಂಬಿದ ಮಗುವಿಗೆ ಅಂಗನವಾಡಿ ಇದೆ. ಹಳ್ಳಿಯಲ್ಲಿರುವವರು ತಮ್ಮ ಗ್ರಾಮ ಪಂಚಾಯಿತಿಯಲ್ಲಿ, ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ 'ಕೂಸಿನ ಮನೆ' ತೆರೆದಿದೆಯೇ ವಿಚಾರಿಸಿ.

ಹಂತ 9: ಕೆಟ್ಟ ದಿನಕ್ಕೆ ಬೇರೆ ಪಟ್ಟಿ

ಮಗುವಿಗೆ ಜ್ವರ ಬಂದ ದಿನ ಮೇಲಿನ ಕ್ರಮ ನಡೆಯುವುದಿಲ್ಲ. ಅಂಥ ದಿನಕ್ಕೆ ಐದೇ ಕೆಲಸ: ಒಂದು ಅಡುಗೆ, ಕುಡಿಯುವ ನೀರು, ಮಗುವಿನ ಒಳಬಟ್ಟೆ, ಸಿಂಕ್, ಹಸಿ ಕಸ. ಉಳಿದದ್ದು ಹಾಗೇ ಇರಲಿ. ಜ್ವರ ಇಳಿದ ಮರುದಿನ ಎಲ್ಲ ಬಾಕಿಯನ್ನೂ ತೀರಿಸಲು ಹೋಗಬೇಡಿ, ಹಂತ 3ರಿಂದ ಮತ್ತೆ ಹಿಡಿಯಿರಿ.

ಬೇಧಿಯಾದರೆ ಬಳಸಲು ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಬೆರೆಸುವುದು ಎಲ್ಲರೂ ಮಾಡುವ ತಪ್ಪು. ಇಪ್ಪತ್ತನಾಲ್ಕು ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಕಣ್ಣು ಗುಳಿಬಿದ್ದರೆ, ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲು ಒಲ್ಲೆ ಎಂದರೆ ಮನೆಯಲ್ಲಿ ಕಾಯಬೇಡಿ.

ಕೆಟ್ಟ ದಿನದ ಪಟ್ಟಿ ಸತತ ಎರಡು ವಾರ ನಡೆದು, ಮನೆಯಲ್ಲಿ ಯಾರಿಗೂ ಜ್ವರವಿಲ್ಲದಿದ್ದರೆ ನಿಮ್ಮ ಕಡೆ ನೋಡಿಕೊಳ್ಳಿ. ಮಗು ಮಲಗಿದರೂ ನಿದ್ದೆ ಬರುತ್ತಿಲ್ಲವೇ, ಕಾರಣವಿಲ್ಲದೆ ಅಳು ಬರುತ್ತಿದೆಯೇ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗುತ್ತಿಲ್ಲವೇ? ಹೆರಿಗೆಯಾಗಿ ವರ್ಷದೊಳಗೆ ಇದು ಎಷ್ಟೋ ತಾಯಂದಿರಿಗೆ ಬರುತ್ತದೆ, ಚಿಕಿತ್ಸೆಯೂ ಇದೆ. ಸೋಮಾರಿತನ ಎಂದು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ವೈದ್ಯರಿಗೆ ಹೇಳಿ, ಇಲ್ಲವೇ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫ್ರಿಡ್ಜ್ ಮೇಲಿನ ಹಾಳೆಯಲ್ಲಿ 108ರ ಕೆಳಗೆ ಈ ಸಂಖ್ಯೆಯನ್ನೂ ದಪ್ಪಗೆ ಬರೆದಿಡಿ, ಮನೆಯವರಿಗೂ ತೋರಿಸಿಡಿ.